ಹದಿನೈದು ಸಾವಿರದೊಳಗೆ ಮನೆಗೆ ಸಿಸಿ ಕ್ಯಾಮೆರಾ: ಯಾವುದು, ಎಷ್ಟು, ಎಲ್ಲಿ?

ನಿವೃತ್ತ ಮೇಷ್ಟ್ರು, ವಿದ್ಯಾನಗರ, ದಾವಣಗೆರೆ

ಎಲ್ಲರಿಗೂ ನಮಸ್ಕಾರ. ನಮ್ಮದು ಮೂವತ್ತು-ನಲವತ್ತರ ನಿವೇಶನದಲ್ಲಿ ಕಟ್ಟಿದ ಮನೆ. ಕೆಳಗೆ ನಾವಿಬ್ಬರೇ ಇದ್ದೇವೆ. ಮೇಲಿನದನ್ನು ಬಾಡಿಗೆಗೆ ಕೊಟ್ಟಿದ್ದು, ಅದರ ಮೆಟ್ಟಿಲು ಹೊರಗಡೆ ಗೇಟಿನ ಬಲಕ್ಕಿದೆ. ವರ್ಷದಲ್ಲಿ ಎರಡು ತಿಂಗಳು ಬೆಂಗಳೂರಿನಲ್ಲಿ ಮಗಳ ಮನೆಯಲ್ಲಿರುತ್ತೇವೆ. ಈ ಸಲ ಹಿಂದಿರುಗಿ ಬಂದಾಗ ಹಿತ್ತಿಲಿನ ಸಂಪಿನ ಪಕ್ಕದಲ್ಲಿದ್ದ ಮೋಟಾರು ಇರಲಿಲ್ಲ. ಪೈಪನ್ನು ಗರಗಸದಿಂದ ಅಚ್ಚುಕಟ್ಟಾಗಿ ಕೊಯ್ದು ಒಯ್ದಿದ್ದರು. ಮೇಲಿನ ಮನೆಯವರಿಗೆ ಸದ್ದೇ ಕೇಳಿಸಿಲ್ಲ. ಅಂದಿನಿಂದ ಮನೆಯವಳು ಕ್ಯಾಮೆರಾ ಹಾಕಿಸದೆ ಊರು ಬಿಡುವುದಿಲ್ಲ ಎಂದು ಕೂತಿದ್ದಾಳೆ.

ಒಂದು ಅಂಗಡಿಯಲ್ಲಿ ವಿಚಾರಿಸಿದೆ. ಎಂಟು ಕ್ಯಾಮೆರಾ, ಎಲ್ಲವೂ ಐದು ಮೆಗಾಪಿಕ್ಸೆಲ್, ನಾಲ್ಕು ಟೆರಾಬೈಟಿನ ಹಾರ್ಡ್ ಡಿಸ್ಕ್, ಒಟ್ಟು 38,000 ರೂಪಾಯಿ ಎಂದರು. ಮೂವತ್ತು ದಿನದ ದಾಖಲೆ ಇಡುವುದು ಕಾನೂನು ಎಂದೂ ಸೇರಿಸಿದರು. ನನ್ನ ತಂಗಿಯ ಮಗ ಇದನ್ನು ಕೇಳಿ ನಕ್ಕು, ವೈಫೈ ಕ್ಯಾಮೆರಾ ಮೂರು ತಂದರೆ ಆರೇಳು ಸಾವಿರದಲ್ಲಿ ಮುಗಿಯಿತು ಎನ್ನುತ್ತಾನೆ. ನನ್ನ ಕೈಯಲ್ಲಿರುವುದು ಹದಿನೈದು ಸಾವಿರ. ಇಬ್ಬರಲ್ಲಿ ಯಾರ ಮಾತು ಸರಿ? ಕರೆಂಟು ಹೋದಾಗ ಏನಾಗುತ್ತದೆ? ಬಾಡಿಗೆದಾರರೂ ಎದುರು ಮನೆಯವರೂ ಆಕ್ಷೇಪಿಸಿದರೆ ಏನು ಮಾಡಬೇಕು? ಅನುಭವವುಳ್ಳವರು ತಿಳಿಸಿದರೆ ಉಪಕಾರವಾಗುತ್ತದೆ.

ತಂತಿ ಕೆಲಸದವನು, ಹರಿಹರ

ಮೇಷ್ಟ್ರೇ, ಹನ್ನೆರಡು ವರ್ಷದಿಂದ ಹರಿಹರ, ದಾವಣಗೆರೆಗಳಲ್ಲಿ ಇದೇ ಕೆಲಸ ಮಾಡುತ್ತಿದ್ದೇನೆ. ಇಬ್ಬರ ಮಾತೂ ಅರ್ಧ ಸರಿ. ಕ್ಯಾಮೆರಾ ಎಷ್ಟು ಎಂಬುದಕ್ಕಿಂತ ಮೊದಲು ಯಾವ ಜಾಗದಲ್ಲಿ ಏನು ಕಾಣಬೇಕು ಎಂಬುದನ್ನು ತೀರ್ಮಾನಿಸಿಕೊಳ್ಳಿ. ನಿಮ್ಮ ಮನೆಗೆ ಬರಲು ದಾರಿ ಎರಡೇ: ಮುಂದಿನ ಗೇಟು, ಹಿತ್ತಿಲಿನ ಗೋಡೆ. ಗೇಟಿನಲ್ಲಿ ಮುಖ ಗುರುತು ಸಿಗಬೇಕು, ಹಿತ್ತಿಲಿನಲ್ಲಿ ಆಳು ಇಳಿದದ್ದು ತಿಳಿದರೆ ಸಾಕು, ಪೋರ್ಟಿಕೊದಲ್ಲಿ ಬಾಗಿಲಿನ ಮುಂದೆ ನಿಂತವರು ಕಾಣಬೇಕು. ಅಲ್ಲಿಗೆ ಮೂರು ಕ್ಯಾಮೆರಾ ಆಯಿತು. ಉಳಿದ ಐದು ಕ್ಯಾಮೆರಾಗಳು ಗೋಡೆಯನ್ನೂ ತುಳಸಿಕಟ್ಟೆಯನ್ನೂ ಹಗಲಿರುಳು ನೋಡುತ್ತಾ ಕೂರುತ್ತವೆ.

ಇನ್ನು ಮುಖ ಗುರುತು ಸಿಗುವ ಮಾತು. ಇಲ್ಲಿಯೇ ಹೆಚ್ಚಿನವರು ಮೋಸಹೋಗುವುದು. ಅಂಗಡಿಯಲ್ಲಿ ಸಾಮಾನ್ಯವಾಗಿ 2.8 ಮಿಲಿಮೀಟರ್ ಮಸೂರದ ಕ್ಯಾಮೆರಾ ಕೊಡುತ್ತಾರೆ. ಅದು ಸುಮಾರು ನೂರು ಡಿಗ್ರಿಗೂ ಹೆಚ್ಚು ಅಗಲವನ್ನು ತೋರಿಸುವುದರಿಂದ ಟಿ.ವಿ.ಯಲ್ಲಿ ಇಡೀ ಬೀದಿ ಕಂಡು ಮನಸ್ಸಿಗೆ ಬಹಳ ತೃಪ್ತಿಯಾಗುತ್ತದೆ. ಆದರೆ ಎರಡು ಮೆಗಾಪಿಕ್ಸೆಲ್ ಚಿತ್ರದ ಅಡ್ಡಕ್ಕಿರುವ 1,920 ಚುಕ್ಕೆಗಳು ಅಷ್ಟೂ ಅಗಲಕ್ಕೆ ಹಂಚಿಹೋಗುವುದರಿಂದ, ಅಪರಿಚಿತನ ಮುಖವನ್ನು ಇವನೇ ಎಂದು ಹೇಳುವಷ್ಟು ಸ್ಪಷ್ಟತೆ ಎರಡೂವರೆ ಮೂರು ಮೀಟರ್ ದಾಟಿದರೆ ಉಳಿಯುವುದಿಲ್ಲ. ಅದೇ ಎರಡು ಮೆಗಾಪಿಕ್ಸೆಲ್ ಕ್ಯಾಮೆರಾಕ್ಕೆ 6 ಮಿಲಿಮೀಟರ್ ಮಸೂರವಿದ್ದರೆ ಕಾಣುವ ಅಗಲ ಸುಮಾರು ಐವತ್ತು ಡಿಗ್ರಿಗೆ ಇಳಿದು, ಏಳೆಂಟು ಮೀಟರ್ ದೂರದ ಮುಖವೂ ಗುರುತಿಗೆ ಸಿಗುತ್ತದೆ. ಆದ್ದರಿಂದ ಗೇಟಿಗೆ 6 ಮಿಲಿಮೀಟರ್, ಹಿತ್ತಿಲಿಗೂ ಪೋರ್ಟಿಕೊಕ್ಕೂ 2.8 ಅಥವಾ 3.6 ಎಂದು ಕೇಳಿ ತೆಗೆದುಕೊಳ್ಳಿ. ಬೆಲೆಯಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸವಿಲ್ಲ, ಕೇಳುವವರು ಮಾತ್ರ ಇಲ್ಲ.

ಎತ್ತರವೂ ಮುಖ್ಯ. ಕಳ್ಳನ ಕೈಗೆ ಸಿಗಬಾರದು ಎಂದು ತಾರಸಿಯ ಅಂಚಿಗೆ ಹಾಕಿಸಿದರೆ ಟೋಪಿ, ಹೆಲ್ಮೆಟ್ಟು, ನೆತ್ತಿ ಇಷ್ಟೇ ಕಾಣುವುದು. ಗೇಟಿನ ಕಡೆಯದು ಎಂಟು ಅಡಿ, ಹಿತ್ತಿಲಿನದು ಹತ್ತು ಅಡಿ ಇರಲಿ. ಸಜ್ಜಾದ ಕೆಳಗೆ ಹಾಕುವಾಗ ಒಂದು ಎಚ್ಚರಿಕೆ: ಸುಣ್ಣ ಬಳಿದ ಗೋಡೆಯೋ ಸಜ್ಜಾದ ತಳವೋ ಚಿತ್ರದ ಮೂಲೆಯಲ್ಲಿ ಬಂದರೆ ರಾತ್ರಿ ಕ್ಯಾಮೆರಾ ಬಿಡುವ, ಕಣ್ಣಿಗೆ ಕಾಣದ ಇನ್ಫ್ರಾರೆಡ್ ಬೆಳಕು ಅದಕ್ಕೇ ಬಡಿದು, ಆ ಭಾಗ ಬೆಳ್ಳಗಾಗಿ ಉಳಿದದ್ದೆಲ್ಲ ಕಪ್ಪಾಗುತ್ತದೆ. ಹಗಲು ನೋಡಿ ಸರಿಯಿದೆ ಎಂದು ಹಣ ಕೊಟ್ಟು ಕಳುಹಿಸಬೇಡಿ. ಕತ್ತಲಾದ ಮೇಲೆ ನೀವೇ ಗೇಟು ತೆರೆದು ಒಳಗೆ ಬಂದು, ಆ ತುಣುಕಿನಲ್ಲಿ ನಿಮ್ಮ ಮುಖ ನಿಮಗೇ ಗುರುತು ಸಿಗುತ್ತದೆಯೇ ನೋಡಿ.

ವೈಫೈಯೋ ತಂತಿಯೋ ಎಂದರೆ ನಿಮ್ಮ ಮನೆಗೆ ತಂತಿಯದೇ ಸೂಕ್ತ: ಚಿತ್ರವನ್ನು ದಾಖಲಿಸುವ ಡಿವಿಆರ್ ಪೆಟ್ಟಿಗೆ, ಚಿತ್ರವನ್ನೂ ವಿದ್ಯುತ್ತನ್ನೂ ಒಟ್ಟಿಗೆ ಒಯ್ಯುವ 3+1 ಕೇಬಲ್, ಕ್ಯಾಮೆರಾಗಳಿಗೆ ವಿದ್ಯುತ್ ಕೊಡುವ 12 ವೋಲ್ಟಿನ ಎಸ್‌ಎಂಪಿಎಸ್. ಇದರಲ್ಲಿ ಚಿತ್ರ ದಾಖಲಾಗುವುದಕ್ಕೆ ಇಂಟರ್ನೆಟ್ ಬೇಕೇ ಇಲ್ಲ. ಬೆಂಗಳೂರಿನಲ್ಲಿ ಕೂತು ಮೊಬೈಲಿನಲ್ಲಿ ನೋಡುವುದಕ್ಕೆ ಮಾತ್ರ ಬೇಕು. ಒಂದು ಕ್ಯಾಮೆರಾ ಎಚ್.265 ಎಂಬ, ಚಿತ್ರವನ್ನು ಕುಗ್ಗಿಸಿ ಬರೆಯುವ ವಿಧಾನದಲ್ಲಿ ಸೆಕೆಂಡಿಗೆ 2 ಮೆಗಾಬಿಟ್ ಬರೆಯುತ್ತದೆ ಎಂದಿಟ್ಟುಕೊಂಡರೆ ದಿನಕ್ಕೆ ಸುಮಾರು 22 ಗಿಗಾಬೈಟ್ ಆಗುತ್ತದೆ, ಮೂರಕ್ಕೆ 65. ಒಂದು ಟೆರಾಬೈಟಿನ ಡಿಸ್ಕಿನಲ್ಲಿ ಹದಿನೈದು ದಿನದ ದಾಖಲೆ ನಿಲ್ಲುತ್ತದೆ, ಆಮೇಲೆ ಹಳೆಯದರ ಮೇಲೆ ಹೊಸದು ಬರೆಯುತ್ತಾ ಹೋಗುತ್ತದೆ. ಡಿಸ್ಕು ಮಾತ್ರ ಕಣ್ಗಾವಲಿಗೆಂದೇ ತಯಾರಾದದ್ದಿರಲಿ. ಹಳೆಯ ಕಂಪ್ಯೂಟರಿನಿಂದ ಬಿಚ್ಚಿದ್ದನ್ನು ಹಾಕಿದರೆ ಇಪ್ಪತ್ತನಾಲ್ಕು ಗಂಟೆಯ ಬರವಣಿಗೆಗೆ ಅದು ಬಹಳ ಕಾಲ ತಾಳುವುದಿಲ್ಲ.

ಡಿವಿಆರನ್ನು ಟಿ.ವಿ.ಯ ಪಕ್ಕದಲ್ಲಿ ಇಡಿಸಬೇಡಿ. ಒಳಗೆ ನುಗ್ಗಿದವನು ಮೊದಲು ಕಿತ್ತುಕೊಳ್ಳುವುದು ಅದನ್ನೇ. ಅಟ್ಟದ ಮೇಲೆ, ಗಾಳಿಯಾಡುವ ಪೆಟ್ಟಿಗೆಯಲ್ಲಿಟ್ಟು ಬೀಗ ಹಾಕಿ. ಬೀರುವಿನೊಳಗೆ ಬಟ್ಟೆಗಳ ನಡುವೆ ಇಟ್ಟರೆ ನಮ್ಮ ಏಪ್ರಿಲ್ ಬಿಸಿಲಿಗೆ ಅದು ಬೆಂದೇ ಹೋಗುತ್ತದೆ.

ಕರೆಂಟಿನ ವಿಚಾರ ಸುಲಭ. ಮೂರು ಕ್ಯಾಮೆರಾ, ಡಿವಿಆರ್, ರೌಟರ್ ಎಲ್ಲ ಸೇರಿ 35 ವಾಟ್ ಆಸುಪಾಸು. ಮನೆಯಲ್ಲಿ ಯುಪಿಎಸ್ ಇದ್ದರೆ ಇವುಗಳ ಪ್ಲಗ್ಗನ್ನು ಆ ಲೈನಿಗೇ ಕೊಡಿಸಿ. ನೀವಿಲ್ಲದ ದಿನಗಳಲ್ಲಿ ಬೇರೆ ಹೊರೆ ಇಲ್ಲವಾದ್ದರಿಂದ 150 ಎ.ಎಚ್. ಬ್ಯಾಟರಿ ಚೆನ್ನಾಗಿದ್ದರೆ ಇಡೀ ದಿನ ನಡೆಸುತ್ತದೆ. ಹೆಚ್ಚಿನವರು ಡಿವಿಆರಿಗೆ ಯುಪಿಎಸ್ ಕೊಟ್ಟು ಎಸ್‌ಎಂಪಿಎಸ್ಸನ್ನು ಮರೆಯುತ್ತಾರೆ. ಕರೆಂಟು ಹೋದಾಗ ಡಿವಿಆರ್ ಎಚ್ಚರವಾಗಿದ್ದು ಕತ್ತಲೆಯನ್ನು ದಾಖಲಿಸುತ್ತಿರುತ್ತದೆ. ತಿಂಗಳಿಗೆ ಸುಮಾರು 25 ಯೂನಿಟ್ ಹೆಚ್ಚುತ್ತದೆ. ಗೃಹಜ್ಯೋತಿಯಲ್ಲಿ ನಿಮ್ಮ ಮನೆಗೆ ನಿಗದಿಯಾದ ಯೂನಿಟ್ ಎಷ್ಟೆಂದು ಬೆಸ್ಕಾಂ ಬಿಲ್ಲಿನಲ್ಲಿ ನೋಡಿಕೊಳ್ಳಿ, ಅಂಚಿನಲ್ಲಿದ್ದವರಿಗೆ ಇದೂ ಒಂದು ಲೆಕ್ಕವೇ.

ಕೋಟೆಯ ಕೆಳಗಿನವನು, ಚಿತ್ರದುರ್ಗ

ಹರಿಹರದವರ ಮಾತನ್ನು ಬಹುಪಾಲು ಒಪ್ಪುತ್ತೇನೆ, ಆದರೆ ವೈಫೈ ಕ್ಯಾಮೆರಾವನ್ನು ಅವರು ಒಂದೇ ವಾಕ್ಯದಲ್ಲಿ ಬದಿಗೆ ಸರಿಸಿದ್ದು ಸರಿಯಲ್ಲ. ಬಾಡಿಗೆ ಮನೆಯಲ್ಲಿರುವ ನನ್ನಂಥವನು ಗೋಡೆ ಕೊರೆದು ಪೈಪು ಎಳೆಸಲಾರ. ಎರಡು ವರ್ಷದಿಂದ ಎರಡು ವೈಫೈ ಕ್ಯಾಮೆರಾ ಬಳಸುತ್ತಿದ್ದೇನೆ, ಎರಡೂ ತಮ್ಮೊಳಗಿನ ಮೆಮೊರಿ ಕಾರ್ಡಿನಲ್ಲಿಯೇ ದಾಖಲಿಸುತ್ತವೆ, ಒಳಗಿನ ಪಡಸಾಲೆಗೆ ಅದಕ್ಕಿಂತ ಅನುಕೂಲದ್ದು ಬೇರೆಯಿಲ್ಲ. ವಯಸ್ಸಾದ ತಾಯಿ ಒಬ್ಬರೇ ಇದ್ದಾಗ ಕಚೇರಿಯಿಂದಲೇ ಮಾತನಾಡಿಸಬಹುದು.

ಅದರ ಕಷ್ಟಗಳನ್ನೂ ಹೇಳಿಬಿಡುತ್ತೇನೆ. ನನ್ನ ರೌಟರು 2.4, 5 ಗಿಗಾಹರ್ಟ್ಸ್ ಎಂಬ ಎರಡು ತರಂಗಗಳಲ್ಲಿ ವೈಫೈ ಹರಡುತ್ತದೆ, ನಾನು ಕೊಂಡ ಎರಡೂ ಕ್ಯಾಮೆರಾ 2.4ಕ್ಕೆ ಮಾತ್ರ ಸೇರುತ್ತವೆ. ರೌಟರಿನಲ್ಲಿ 5 ಗಿಗಾಹರ್ಟ್ಸ್ ಹೆಸರನ್ನು ಆರಿಸಿಕೊಂಡು, ಕ್ಯಾಮೆರಾ ಕೆಟ್ಟಿದೆ ಎಂದು ವಾಪಸು ಕಳುಹಿಸಲು ಹೊರಟಿದ್ದೆ. ನಮ್ಮದು ದಪ್ಪ ಕಲ್ಲಿನ ಗೋಡೆಯ ಹಳೆಯ ಮನೆ, ಎರಡು ಗೋಡೆ ದಾಟುವಷ್ಟರಲ್ಲಿ ಸಿಗ್ನಲ್ ಸತ್ತುಹೋಗುತ್ತದೆ. ಮೊದಲು ಹಾಕಿದ ಸಾಧಾರಣ ಮೆಮೊರಿ ಕಾರ್ಡು ಎಂಟು ತಿಂಗಳಿಗೆ ಕೈಕೊಟ್ಟಿತು, ಕೈಕೊಟ್ಟದ್ದು ತಿಳಿದದ್ದು ದಾಖಲೆ ಬೇಕಾದ ದಿನ. ಈಗ ಸತತ ಬರವಣಿಗೆಗೆಂದೇ ಮಾಡಿದ 128 ಗಿಗಾಬೈಟಿನ ಕಾರ್ಡು ಹಾಕಿದ್ದೇನೆ. ಎಲ್ಲಕ್ಕಿಂತ ದೊಡ್ಡ ಕೊರತೆಯೆಂದರೆ ಕ್ಯಾಮೆರಾ ಕಿತ್ತುಕೊಂಡು ಹೋದರೆ ಸಾಕ್ಷಿಯೂ ಅದರ ಹೊಟ್ಟೆಯಲ್ಲಿಯೇ ಹೋಗುತ್ತದೆ. ಹಾಗಾಗಿ ಹೊರಗೆ ತಂತಿಯದು, ಒಳಗೆ ಬೇಕಾದರೆ ವೈಫೈಯದು ಎಂಬುದು ನನ್ನ ಅಭಿಪ್ರಾಯ.

ನಮ್ಮಲ್ಲಿ ಇನ್ನೊಂದು ತೊಂದರೆಯಿದೆ, ಅದು ದಾವಣಗೆರೆಯವರಿಗೆ ಅಷ್ಟಾಗಿ ಇರಲಿಕ್ಕಿಲ್ಲ. ಕೋಟೆಯ ಕಡೆಯಿಂದ ಬರುವ ಮಂಗಗಳು ತೂಗಾಡುವ ತಂತಿ ಕಂಡರೆ ಬಿಡುವುದಿಲ್ಲ. ಪಕ್ಕದ ಮನೆಯವರ ಕ್ಯಾಮೆರಾ ಮೂರು ದಿನ ಆಕಾಶವನ್ನೇ ನೋಡುತ್ತಿತ್ತು. ತಂತಿಯೆಲ್ಲ ಪಿವಿಸಿ ಪೈಪಿನೊಳಗೆ, ಜೋಡಣೆಯೆಲ್ಲ ಜಂಕ್ಷನ್ ಬಾಕ್ಸಿನೊಳಗೆ ಇರಲೇಬೇಕು. ಮಳೆನೀರಿಗೂ ಅದೇ ಮದ್ದು.

ಅಂದ ಹಾಗೆ, ಕಿಂಡಿಯಲ್ಲಿ ಕಣ್ಣಿಟ್ಟರಷ್ಟೇ ಸಾಲದು, ಓಬವ್ವನ ಕೈಯಲ್ಲಿ ಒನಕೆಯೂ ಇತ್ತು ಎಂಬುದು ನಮ್ಮೂರಿನವರಿಗೆ ಗೊತ್ತು. ಹಿತ್ತಿಲ ಬಾಗಿಲಿನ ಅಗುಳಿ, ಮೋಟಾರಿಗೆ ಕಬ್ಬಿಣದ ಜಾಲರಿಯ ಗೂಡು, ಇವುಗಳಿಗೆ ಎರಡು ಸಾವಿರ ತೆಗೆದಿಟ್ಟು ಉಳಿದದ್ದರಲ್ಲಿ ಕ್ಯಾಮೆರಾ ನೋಡಿ.

ವಕೀಲ, ಪಿ.ಜೆ. ಬಡಾವಣೆ, ದಾವಣಗೆರೆ

ಮೇಷ್ಟ್ರ ಕಾನೂನಿನ ಪ್ರಶ್ನೆಗಳಿಗೆ ಮಾತ್ರ ಉತ್ತರಿಸುತ್ತೇನೆ.

ಮೂವತ್ತು ದಿನದ ದಾಖಲೆ ಕಡ್ಡಾಯ ಎಂದು ಅಂಗಡಿಯವರು ಹೇಳಿದ್ದು ಮನೆಗಳಿಗೆ ಅನ್ವಯಿಸುವುದಿಲ್ಲ. ಸಾರ್ವಜನಿಕ ಸುರಕ್ಷತೆಗೆಂದು ಕರ್ನಾಟಕ 2017ರಲ್ಲಿ ತಂದ ಕಾಯಿದೆಯಲ್ಲಿ ಆ ಮಾತು ಇರುವುದು ಹೆಚ್ಚು ಜನ ಸೇರುವ ವಾಣಿಜ್ಯ ಮಳಿಗೆ, ಆಸ್ಪತ್ರೆ, ಶಿಕ್ಷಣ ಸಂಸ್ಥೆಗಳಂಥ ಸ್ಥಳಗಳಿಗೆ. ನಾಲ್ಕು ಟೆರಾಬೈಟಿನ ಡಿಸ್ಕನ್ನು ಆ ಹೆದರಿಕೆಯಿಂದ ಕೊಳ್ಳಬೇಕಾಗಿಲ್ಲ.

ಬಾಡಿಗೆದಾರರ ವಿಚಾರದಲ್ಲಿ ಎಚ್ಚರಿಕೆಯಿರಲಿ. ಗೇಟು, ಮೆಟ್ಟಿಲ ಬುಡ ಎಲ್ಲರೂ ಓಡಾಡುವ ಜಾಗ. ಅಲ್ಲಿ ಹಾಕುವ ಮೊದಲು ಅವರಿಗೆ ತಿಳಿಸಿ, ಒಂದು ಸೂಚನಾ ಫಲಕ ತೂಗುಹಾಕಿ. ಮೇಲಿನ ಮನೆಯ ಬಾಗಿಲು, ಕಿಟಕಿ, ಬಟ್ಟೆ ಒಣಗಿಸುವ ತಾರಸಿ ಯಾವ ಕಾರಣಕ್ಕೂ ಚೌಕಟ್ಟಿನೊಳಗೆ ಬರಬಾರದು. ಒಂದೇ ಮನೆಯಲ್ಲಿ ವಾಸಿಸುವ ಸಹವಾಸಿಗಳ ಒಪ್ಪಿಗೆಯಿಲ್ಲದೆ ವಾಸದ ಭಾಗದಲ್ಲಿ ಕ್ಯಾಮೆರಾ ನಡೆಸುವುದು ಖಾಸಗಿತನದ ಹಕ್ಕಿಗೆ ವಿರುದ್ಧ ಎಂದು ಕಲ್ಕತ್ತಾ ಹೈಕೋರ್ಟ್ 2025ರಲ್ಲಿ ಹೇಳಿದೆ, ಸುಪ್ರೀಂ ಕೋರ್ಟ್ ಆ ತೀರ್ಪಿನಲ್ಲಿ ಕೈಹಾಕಲಿಲ್ಲ. ಅದು ಅಣ್ಣತಮ್ಮಂದಿರ ವ್ಯಾಜ್ಯವಾದರೂ ಅದರ ತರ್ಕ ಬಾಡಿಗೆದಾರರಿಗೂ ದೂರವಲ್ಲ. ಹೆಣ್ಣುಮಕ್ಕಳ ಖಾಸಗಿ ಕ್ಷಣಗಳು ಸೆರೆಯಾಗುವಂತಿದ್ದರೆ ಭಾರತೀಯ ನ್ಯಾಯ ಸಂಹಿತೆಯ 77ನೇ ಕಲಮಿನ ಅಪರಾಧವೇ ಆದೀತು. ಎದುರು ಮನೆಯ ಕಿಟಕಿ ತಪ್ಪಿಸಲಾಗದೆ ಬಂದರೆ ಡಿವಿಆರಿನ ಮೆನುವಿನಲ್ಲಿ ಆ ಭಾಗವನ್ನು ಕಪ್ಪು ಚೌಕದಿಂದ ಮುಚ್ಚುವ ಸೌಲಭ್ಯವಿದೆ, ಅದನ್ನು ಮಾಡಿಸಿ ಅವರಿಗೇ ಕರೆದು ತೋರಿಸಿ. ನನ್ನ ಅನುಭವದಲ್ಲಿ ಅರ್ಧ ಜಗಳಗಳು ಅಲ್ಲಿಗೇ ಮುಗಿಯುತ್ತವೆ.

ಇನ್ನು ಸಾಕ್ಷ್ಯ. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಮಿನಂತೆ, ಡಿವಿಆರಿನಿಂದ ತೆಗೆದ ಪ್ರತಿಯನ್ನು ನ್ಯಾಯಾಲಯಕ್ಕೆ ಕೊಡುವಾಗ ಎರಡು ಭಾಗದ ಪ್ರಮಾಣಪತ್ರ ಬೇಕು: ಒಂದನ್ನು ಉಪಕರಣ ಯಾರ ಸುಪರ್ದಿನಲ್ಲಿದೆಯೋ ಅವರು, ಇನ್ನೊಂದನ್ನು ತಜ್ಞರು ತುಂಬಬೇಕು, ಕಡತದ ಹ್ಯಾಶ್ ಮೌಲ್ಯವನ್ನೂ (ಕಡತ ತಿದ್ದಿಲ್ಲವೆಂದು ತೋರಿಸುವ ಅಂಕೆ-ಅಕ್ಷರಗಳ ಸಾಲು) ಅದರಲ್ಲಿ ಬರೆಯಬೇಕು. ಜನ ಮಾಡುವ ತಪ್ಪು ಎಂದರೆ ಟಿ.ವಿ.ಯ ಪರದೆಯನ್ನು ಮೊಬೈಲಿನಲ್ಲಿ ಚಿತ್ರಿಸಿ, ಬೇಕಾದಷ್ಟು ಕತ್ತರಿಸಿ, ವಾಟ್ಸ್‌ಆ್ಯಪ್ ಗುಂಪಿಗೆ ಹಾಕಿ, ಮೂಲವನ್ನು ಅಳಿಸಿಹೋಗಲು ಬಿಡುವುದು. ಕಳವಾದದ್ದು ತಿಳಿದ ತಕ್ಷಣ 112ಕ್ಕೆ ಕರೆ ಮಾಡಿ, ಮೂಲ ತುಣುಕನ್ನು ಹಾಗೆಯೇ ಪೆನ್‌ಡ್ರೈವಿಗೆ ಇಳಿಸಿ, ಡಿವಿಆರನ್ನು ಪೊಲೀಸರು ನೋಡುವವರೆಗೆ ಯಾರೂ ಮುಟ್ಟದಂತೆ ನೋಡಿಕೊಳ್ಳಿ.

ಒಂದು ಮಾತು ಯಾರೂ ಗಮನಿಸಿದಂತಿಲ್ಲ. ಮೇಷ್ಟ್ರು ಎರಡು ತಿಂಗಳು ಊರಿನಲ್ಲಿರುವುದಿಲ್ಲ, ಡಿಸ್ಕಿನಲ್ಲಿ ನಿಲ್ಲುವುದು ಹದಿನೈದು ದಿನ. ಊರು ಬಿಟ್ಟ ಮೊದಲ ವಾರದಲ್ಲಿಯೇ ಮೋಟಾರು ಕಳುವಾದರೆ, ಹಿಂದಿರುಗುವ ಹೊತ್ತಿಗೆ ಕಳ್ಳನ ಮೇಲೆ ಮೂರ್ನಾಲ್ಕು ಪದರ ಹೊಸ ದಾಖಲೆ ಕೂತಿರುತ್ತದೆ.

ತಂತಿ ಕೆಲಸದವನು, ಹರಿಹರ

ವಕೀಲರು ಹಿಡಿದದ್ದು ನಿಜವಾದ ಕೊರತೆ. ಹಿತ್ತಿಲಿನ ಕ್ಯಾಮೆರಾವನ್ನು ಚಲನೆಯಾದಾಗ ಮಾತ್ರ ದಾಖಲಿಸುವಂತೆ ಇಡಿಸಿದರೆ ಡಿಸ್ಕಿನಲ್ಲಿ ಒಂದಿಷ್ಟು ಜಾಗ ಉಳಿಯುತ್ತದೆ, ಚಲನೆಯ ಸುದ್ದಿ ಮೊಬೈಲಿಗೂ ಬರುತ್ತದೆ. ಗೇಟಿನದು ಮಾತ್ರ ಸತತವಾಗಿರಲಿ, ಏಕೆಂದರೆ ಚಲನೆಯನ್ನು ಗುರುತಿಸುವ ಏರ್ಪಾಡು ಕೆಲವೊಮ್ಮೆ ಮೊದಲ ಎರಡು ಸೆಕೆಂಡು ತಪ್ಪಿಸುತ್ತದೆ, ಮುಖ ಕಾಣುವುದೂ ಆ ಎರಡು ಸೆಕೆಂಡಿನಲ್ಲಿಯೇ. ಮನುಷ್ಯರನ್ನು ಬೇರ್ಪಡಿಸಿ ಗುರುತಿಸುವ ಸೌಲಭ್ಯವಿರುವ ಡಿವಿಆರ್ ಕೊಂಡರೆ ಬೆಕ್ಕು ದಾಟಿದ್ದಕ್ಕೆಲ್ಲ ಮೊಬೈಲು ಕೂಗುವುದಿಲ್ಲ. ಆದರೂ ವಾರಕ್ಕೊಮ್ಮೆ ಬೆಂಗಳೂರಿನಿಂದಲೇ ತೆರೆದು ಮೂರೂ ಬದುಕಿವೆಯೇ, ಮೋಟಾರು ಇದೆಯೇ ಎಂದು ನೋಡುವ ಅಭ್ಯಾಸ ಇಟ್ಟುಕೊಳ್ಳಿ.

ನಾನು ಹೇಳಲು ಮರೆತದ್ದು ಪಾಸ್‌ವರ್ಡ್. ಇತ್ತೀಚೆಗೆ ಒಬ್ಬ ಹಿರಿಯರ ಮನೆಗೆ ಹೋಗಿದ್ದೆ. ಮೊದಲು ಫಿಟ್ಟಿಂಗ್ ಮಾಡಿದ ಹುಡುಗ ಖಾತೆಯನ್ನು ತನ್ನದೇ ಮೊಬೈಲ್ ಸಂಖ್ಯೆಯಲ್ಲಿ ತೆರೆದಿದ್ದ. ಮೂರು ವರ್ಷದಿಂದ ಅವರ ಮನೆಯಂಗಳ ಅವನ ಫೋನಿನಲ್ಲೂ ಕಾಣುತ್ತಿತ್ತು. ಕೆಟ್ಟ ಉದ್ದೇಶವಿತ್ತೆಂದು ನಾನು ಹೇಳುವುದಿಲ್ಲ, ಆದರೂ ಕೀಲಿಕೈ ಕೊಟ್ಟು ಮರೆತಂತೆಯೇ ಅದು. ಖಾತೆ ನಿಮ್ಮ ಸಂಖ್ಯೆಯಲ್ಲಿ, ನಿಮ್ಮ ಕೈಯಿಂದಲೇ ಆಗಲಿ. ಪಾಸ್‌ವರ್ಡ್ ಟೈಪು ಮಾಡುವಾಗ ಅವನು ಆಚೆ ನೋಡಲಿ. ಕಾರ್ಖಾನೆಯಿಂದ ಬಂದ ಪಾಸ್‌ವರ್ಡನ್ನು ಬದಲಿಸದ ಕ್ಯಾಮೆರಾ, ಡಿವಿಆರುಗಳನ್ನೇ ಹುಡುಕಿ ವಶಮಾಡಿಕೊಂಡ ಮಿರಾಯ್ ಎಂಬ ಕುತಂತ್ರಾಂಶ 2016ರಲ್ಲಿ ಅಮೆರಿಕದ ದೊಡ್ಡ ದೊಡ್ಡ ಜಾಲತಾಣಗಳನ್ನು ಗಂಟೆಗಟ್ಟಲೆ ಮಲಗಿಸಿತ್ತು. ನಮ್ಮ ದೇಶದಲ್ಲಿಯೂ 2025ರ ಏಪ್ರಿಲಿನಿಂದ ಸಿಸಿ ಕ್ಯಾಮೆರಾಗಳಿಗೆ ಭದ್ರತಾ ಪರೀಕ್ಷೆ ಕಡ್ಡಾಯವಾಗಿದೆ. ಹಳೆಯ ದಾಸ್ತಾನನ್ನು ಅರ್ಧ ಬೆಲೆಗೆ ಕೊಡುತ್ತೇನೆ ಎಂದವರ ಹತ್ತಿರ ಹೋಗುವ ಮೊದಲು ಇದನ್ನು ನೆನಪಿಡಿ, ಬಿಲ್ಲು ತಪ್ಪದೆ ಪಡೆಯಿರಿ.

ನಿವೃತ್ತ ಮೇಷ್ಟ್ರು, ವಿದ್ಯಾನಗರ, ದಾವಣಗೆರೆ

ಒಂದು ತಿಂಗಳ ನಂತರ ಬರೆಯುತ್ತಿದ್ದೇನೆ. ಮೂರು ಎರಡು-ಮೆಗಾಪಿಕ್ಸೆಲ್ ಕ್ಯಾಮೆರಾ ಹಾಕಿಸಿದೆ. ಕ್ಯಾಮೆರಾಗಳಿಗೆ 4,350, ನಾಲ್ಕು ಚಾನೆಲ್ಲಿನ ಡಿವಿಆರಿಗೆ 3,100, ಒಂದು ಟೆರಾಬೈಟ್ ಡಿಸ್ಕಿಗೆ 3,900, ಕೇಬಲ್ ಮತ್ತು ಕನೆಕ್ಟರುಗಳಿಗೆ 1,350, ಎಸ್‌ಎಂಪಿಎಸ್‌ಗೆ 450, ಪೈಪು-ಬಾಕ್ಸುಗಳಿಗೆ 600, ಕೂಲಿ 1,500. ಒಟ್ಟು 15,250 ರೂಪಾಯಿ. ಮೋಟಾರಿನ ಜಾಲರಿಗೂಡು ಬೇರೆ. ಅದನ್ನು ಮನೆಯವಳು ತನ್ನ ಉಳಿತಾಯದಿಂದ ಮಾಡಿಸಿದಳು, ಹಾಗಾಗಿ ಲೆಕ್ಕಕ್ಕೆ ಸೇರಿಸುವಂತಿಲ್ಲ.

ಗೇಟಿಗೆ 6 ಮಿಲಿಮೀಟರ್ ಎಂದು ಕೇಳಿದಾಗ ಅಂಗಡಿಯವರು ನನ್ನನ್ನು ಎರಡು ಸಲ ನೋಡಿ, ಎರಡು ದಿನದಲ್ಲಿ ತರಿಸಿಕೊಟ್ಟರು. ರಾತ್ರಿ ನಾನೇ ಗೇಟು ತೆರೆದು ಬಂದು ಪರೀಕ್ಷಿಸಿದೆ, ಮುಖದ ಮೇಲಿನ ಕನ್ನಡಕದ ಗೆರೆಯೂ ಕಾಣುತ್ತದೆ. ಆದರೆ ಆ ತುಣುಕಿನ ಗಂಟೆ ನೋಡಿದರೆ ಮಧ್ಯರಾತ್ರಿ ದಾಟಿತ್ತು. ನಾನು ಪರೀಕ್ಷಿಸಿದ್ದು ಒಂಬತ್ತೂವರೆಗೆ! ಡಿವಿಆರಿನ ಸಮಯವಲಯ ಚೀನಾದ್ದೇ ಉಳಿದಿತ್ತಂತೆ, ಎರಡೂವರೆ ಗಂಟೆ ಮುಂದೆ ಓಡುತ್ತಿತ್ತು. ಸಾಕ್ಷ್ಯದ ಬಗ್ಗೆ ವಕೀಲರ ಮಾತು ಓದಿರದಿದ್ದರೆ ಅದನ್ನು ಗಮನಿಸುತ್ತಲೇ ಇರಲಿಲ್ಲ. ಈಗ ಸರಿಪಡಿಸಿ, ಇಂಟರ್ನೆಟ್ಟಿನಿಂದ ತಾನೇ ಸಮಯ ಹೊಂದಿಸಿಕೊಳ್ಳುವಂತೆ ಮಾಡಿದ್ದೇನೆ. ಬಾಡಿಗೆಯವರನ್ನು ಕರೆದು ಚಿತ್ರ ತೋರಿಸಿದೆ. ಅವರ ಸ್ಕೂಟರು ನಿಲ್ಲುವ ಜಾಗವೂ ಕಾಣಲಿ ಎಂದು ಅವರೇ ಕೇಳಿಕೊಂಡರು.

ಉಳಿದಿರುವುದು ಒಂದೇ ಸಮಸ್ಯೆ. ಹಿತ್ತಿಲಿನ ಕ್ಯಾಮೆರಾ ರಾತ್ರಿಯಿಡೀ ಚಲನೆ ಎಂದು ಮೊಬೈಲಿಗೆ ಸುದ್ದಿ ಕಳುಹಿಸುತ್ತದೆ. ತೆರೆದು ನೋಡಿದರೆ ಬಿಳಿಯ ನೂಲಿನಂಥದ್ದು ಗಾಳಿಗೆ ಅಲ್ಲಾಡುತ್ತಿರುತ್ತದೆ.

ತಂತಿ ಕೆಲಸದವನು, ಹರಿಹರ

ಅದು ಜೇಡರ ಬಲೆ ಮೇಷ್ಟ್ರೇ. ಕ್ಯಾಮೆರಾದ ಬಿಸಿಗೆ ಹುಳುಗಳು ಬರುತ್ತವೆ, ಹುಳುಗಳಿಗಾಗಿ ಜೇಡ ಅಲ್ಲಿಯೇ ಬಲೆ ಕಟ್ಟುತ್ತದೆ, ಮಸೂರಕ್ಕೆ ಅಷ್ಟು ಹತ್ತಿರವಿರುವುದರಿಂದ ಇನ್ಫ್ರಾರೆಡ್ ಬೆಳಕಿನಲ್ಲಿ ಬಲೆಯ ಒಂದೇ ಎಳೆ ಬೆಳ್ಳಗೆ ಹೊಳೆಯುತ್ತದೆ. ಹಿತ್ತಿಲಿನಲ್ಲಿ ಕ್ಯಾಮೆರಾದಿಂದ ಐದಾರು ಅಡಿ ಆಚೆಗೆ ಒಂದು ಸಣ್ಣ ಎಲ್‌ಇಡಿ ಬಲ್ಬು ಹಾಕಿಸಿ, ಹುಳುಗಳು ಆ ಕಡೆಗೆ ಸರಿಯುತ್ತವೆ, ಬೆಳಕು ಸಾಕಷ್ಟಿದ್ದರೆ ಇನ್ಫ್ರಾರೆಡ್ಡನ್ನೇ ಆರಿಸಿಡಬಹುದು. ಅಲ್ಲಿಯವರೆಗೆ ಉದ್ದ ಕೋಲಿನ ಕಸಬರಿಗೆಯಿಂದ ಹದಿನೈದು ದಿನಕ್ಕೊಮ್ಮೆ ಮೆಲ್ಲಗೆ ಒರೆಸಿ. ಗಾಜಿಗೆ ತಾಗಿಸಬೇಡಿ, ಆಮೇಲೆ ಮೊಬೈಲಿನಲ್ಲಿ ಒಮ್ಮೆ ನೋಡಿ, ಕ್ಯಾಮೆರಾದ ಮುಖ ತಿರುಗಿದ್ದರೆ ಸರಿಮಾಡಿಕೊಳ್ಳಿ.